ಮೈ ವಾಸನೆಗೂ ಒಂದು ಖಾತೆ ಪುಸ್ತಕ

ನಮ್ಮ ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬ ಎಂದೇ ಹೆಸರಾದ ಕಂಬವೊಂದಿದೆ. ಕೋನೇರಿಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ಬಂದು ಆ ಕಂಬದ ಬಳಿ ಕೂತು, ಬಟ್ಟೆ ಆರುವವರೆಗೆ ಆತ ಭಾರತವನ್ನು ಹಾಡುತ್ತಿದ್ದ ಎಂಬುದು ಪ್ರತೀತಿ. ಆ ಗದುಗಿನ ಭಾರತದ ಆದಿಪರ್ವದಲ್ಲಿ ಒಬ್ಬ ಹುಡುಗಿ ಬರುತ್ತಾಳೆ. ಮೀನಿನ ಹೊಟ್ಟೆಯಲ್ಲಿ ಹುಟ್ಟಿದವಳು, ಬೆಸ್ತರ ಮನೆಯಲ್ಲಿ ಬೆಳೆದವಳು, ಯಮುನೆಯಲ್ಲಿ ದೋಣಿ ನಡೆಸುವವಳು. ಮೈಯಿಂದ ಮೀನಿನ ವಾಸನೆ ಬರುತ್ತಿತ್ತೆಂದು ಅವಳಿಗೆ ಮತ್ಸ್ಯಗಂಧಿ ಎಂದೇ ಹೆಸರು. ಪರಾಶರ ಮುನಿಯ ವರದಿಂದ ಅವಳು ಯೋಜನ ದೂರಕ್ಕೂ ಕಂಪು ಬೀರುವ ಯೋಜನಗಂಧಿಯಾದಳು. ವೇದವ್ಯಾಸರ ತಾಯಿಯಾದಳು. ಮುಂದೆ ಶಂತನು ರಾಜನ ರಾಣಿ ಸತ್ಯವತಿಯಾದಳು.

ಮಕ್ಕಳೇ, ಈ ಕಥೆಯಲ್ಲಿ ನಾನು ಗಮನಿಸುವುದು ಒಂದೇ ಮಾತು. ಆ ವಾಸನೆ ಅವಳ ತಪ್ಪಿನಿಂದ ಬಂದದ್ದಲ್ಲ. ಅವಳು ಸೋಮಾರಿಯೂ ಅಲ್ಲ, ಕೊಳಕಿಯೂ ಅಲ್ಲ. ದಿನವಿಡೀ ನದಿಯ ಮೇಲೇ ಇದ್ದವಳು. ಇಂದಿಗೂ ಮೈ ವಾಸನೆಯ ವಿಷಯದಲ್ಲಿ ಜನ ಮೊದಲು ಆಡುವ ಮಾತು, "ಜಳಕ ಮಾಡೂದಿಲ್ಲೇನು?" ಎಂದೇ. ಈ ಪ್ರಶ್ನೆ ಎಷ್ಟೋ ಸಲ ಅನ್ಯಾಯದ್ದು. ವರ ಕೊಡುವ ಪರಾಶರರು ಎಲ್ಲರಿಗೂ ಸಿಗುವುದಿಲ್ಲ. ಆದರೆ ಮನೆಯಲ್ಲಿ ಕೂತು ಲೆಕ್ಕ ಹಾಕಿ ಕಾರಣ ಹುಡುಕುವುದು ಎಲ್ಲರ ಕೈಯಲ್ಲಿದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಕೊನೆಗೆ ಗದಗ-ಬೆಟಗೇರಿ, ಹೀಗೆ ಕೌಂಟರಿನ ಹಿಂದೆ ಕೂತೇ ನಿವೃತ್ತನಾದೆ. ಕೌಂಟರಿನ ಸಣ್ಣ ಕಿಂಡಿಯಿಂದ ಮುಖಕ್ಕಿಂತ ಮೊದಲು ವಾಸನೆ ಒಳಗೆ ಬರುತ್ತದೆ. ಉಳ್ಳಾಗಡ್ಡಿ ವ್ಯಾಪಾರಿ, ಕಂಬಳಿ ಹೊದ್ದ ಕುರಿಗಾರ, ಮಗ್ಗದಿಂದ ನೇರ ಎದ್ದು ಬಂದ ಬೆಟಗೇರಿಯ ನೇಕಾರ, ಇವರ ಮೈಗೆ ಅವರವರ ಕೆಲಸದ ವಾಸನೆ ಇರುತ್ತಿತ್ತು. ದುಡಿಮೆಯ ವಾಸನೆಗೆ ನಾಚಬೇಕಾದ್ದು ಏನೂ ಇಲ್ಲ. ನಾನಿಲ್ಲಿ ಹೇಳುವುದು, ತೊಳೆದರೂ ಹೋಗದೆ ಮನುಷ್ಯನನ್ನು ಮೂಲೆಗೆ ತಳ್ಳುವ ವಾಸನೆಯ ಬಗ್ಗೆ.

ಬೆವರಿಗೆ ವಾಸನೆಯೇ ಇಲ್ಲ

ನಂಬಲಿಕ್ಕೆ ಕಷ್ಟ, ಆದರೆ ಆಗ ತಾನೇ ಹೊರಬಂದ ಬೆವರಿಗೆ ವಾಸನೆ ಇರುವುದಿಲ್ಲವೆಂದೇ ಹೇಳಬೇಕು. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಹೆಚ್ಚಿನವು ನೀರು ಮತ್ತು ಉಪ್ಪನ್ನು ಹೊರಹಾಕಿ ಮೈ ತಂಪು ಮಾಡುವಂಥವು. ಇನ್ನೊಂದು ಬಗೆಯ ಗ್ರಂಥಿಗಳು ಕಂಕುಳು, ತೊಡೆಸಂದಿಯಂಥ ಕಡೆ ಇವೆ. ಅವು ಹರೆಯ ಬರುವವರೆಗೆ ನಿದ್ದೆಯಲ್ಲಿರುತ್ತವೆ, ಆಮೇಲೆ ಎಚ್ಚರಗೊಂಡು ಜಿಡ್ಡು ಮಿಶ್ರಿತ ಮಂದ ದ್ರವ ಸುರಿಸುತ್ತವೆ. ನಮ್ಮ ಚರ್ಮದ ಮೇಲೆ ವಾಸವಾಗಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ಉಂಡು ಬಿಡುವ ವಸ್ತುಗಳಲ್ಲಿ ಗಂಧಕ ಸೇರಿದ ಕೆಲವು ಇವೆ. ಉಳ್ಳಾಗಡ್ಡಿಯ ಘಾಟಿನ ಬಳಗಕ್ಕೇ ಸೇರಿದವು. ಮೈ ವಾಸನೆ ಎಂದರೆ ಇದೇ.

ಆರನೇ, ಏಳನೇ ಇಯತ್ತೆಯ ಹೊತ್ತಿಗೆ ಮಕ್ಕಳ ಮೈ ವಾಸನೆ ತಟಕ್ಕನೆ ಬದಲಾಗುವುದು ಇದಕ್ಕೇ. ಹಿಂದಿನ ವರ್ಷ ನಡೆದ ಜಳಕ ಈ ವರ್ಷ ಸಾಲುವುದಿಲ್ಲ. ಮೈ ಬೆಳೆದಿದೆ, ಲೆಕ್ಕ ಬದಲಾಗಿದೆ, ಅಷ್ಟೇ.

ಇನ್ನೊಂದು ಮೋಜಿನ ಸಂಗತಿ. ಕಿವಿಯ ಗುಗ್ಗೆ ಒಣಗಿ ಪುಡಿಪುಡಿಯಾಗಿರುವವರಿಗೆ ಕಂಕುಳಿನ ವಾಸನೆ ಬಹಳ ಕಡಿಮೆ. ಒಂದೇ ಜೀನು ಎರಡನ್ನೂ ನಡೆಸುತ್ತದೆ. ಕೊರಿಯಾದ ಕಡೆ ಬಹುತೇಕ ಜನ ಹೀಗೆ ಒಣ ಗುಗ್ಗೆಯವರೇ. ಅಂದರೆ ಯಾರಿಗೆ ಎಷ್ಟು ವಾಸನೆ ಎಂಬುದರಲ್ಲಿ ಹುಟ್ಟಿನ ಪಾಲೂ ಇದೆ.

ಏಳನೇ ಇಯತ್ತೆಯ ಹುಡುಗಿ

ನಮ್ಮ ಓಣಿಯ ಒಬ್ಬ ಹುಡುಗಿ ನಾಲ್ಕು ದಿನ ಸಾಲಿಗೆ ಹೋಗಿರಲಿಲ್ಲ. ಅವರ ಅಜ್ಜಿ ನನ್ನ ಹತ್ತಿರ ಬಂದು, "ಕಾಕಾರ, ಹೊಟ್ಟಿನೋವು ಅಂತಾಳ್ರೀ, ಆದ್ರ ಊಟ ಬರೋಬ್ಬರಿ ಮಾಡ್ತಾಳ" ಎಂದರು. ಹುಡುಗಿಯನ್ನು ಕೂರಿಸಿ ಮಾತಾಡಿಸಿದೆ. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟಳು. "ಅಜ್ಜಾರ, ನನ್ನ ಬೆಂಚಿನವರು ಮೂಗು ಮುಚ್ಕೊಂಡು ಹಿಂದಿನ ಬೆಂಚಿಗೆ ಹೋದ್ರು. ಇನ್ನ ನಾ ಸಾಲಿ ಬಿಡ್ತೀನಿ."

ದಿನಾ ಜಳಕ ಮಾಡುವ ಹುಡುಗಿ ಅದು. "ಹಂಗಾದ್ರ ಇದು ಎಲ್ಲಿಂದ ಬಂತು, ಲೆಕ್ಕ ತಗಿಯೂಣು ಬಾರವಾ" ಎಂದು ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದು ಕೊಟ್ಟೆ. ಐದು ಕಾಲಂ: ತಾರೀಖು, ಏನು ಉಂಡೆ, ಜಳಕ ಹೇಗೆ, ಯಾವ ಬಟ್ಟೆ ಮತ್ತು ಅದು ಎಲ್ಲಿ ಒಣಗಿತು, ಸಂಜೆಗೆ ವಾಸನೆ ಎಷ್ಟು. ವಾಸನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಅಂಕ ಕೊಡುವ ಕೆಲಸ ಅಜ್ಜಿಯದು. ನಮ್ಮ ವಾಸನೆ ನಮ್ಮ ಮೂಗಿಗೆ ರೂಢಿಯಾಗಿರುತ್ತದೆ, ಗೊತ್ತಾಗುವುದಿಲ್ಲ. ಅದಕ್ಕೆ ಲೆಕ್ಕ ತಪಾಸಣೆ ಮಾಡುವವರು ಬೇರೆಯವರೇ ಇರಬೇಕು, ಬ್ಯಾಂಕಿನಲ್ಲಿ ಆಡಿಟರ್ ಇದ್ದಂತೆ.

ಎರಡು ವಾರದಲ್ಲಿ ಲೆಕ್ಕ ತಾನೇ ಮಾತಾಡಿತು. ಊಟದ ಕಾಲಂಗೂ ಅಂಕಕ್ಕೂ ತಾಳೆ ಬೀಳಲಿಲ್ಲ. ಬಟ್ಟೆಯ ಕಾಲಂಗೆ ಬಿತ್ತು. ಅದು ಶ್ರಾವಣದ ಜಿಟಿಜಿಟಿ ಮಳೆಯ ಕಾಲ. ಸಮವಸ್ತ್ರದ ಅಂಗಿ ಒಂದೇ, ಅದೂ ಪಾಲಿಯೆಸ್ಟರ್ ಬೆರೆತದ್ದು. ರಾತ್ರಿ ಹಿಂಡಿ ಪಡಸಾಲೆಯ ಹಗ್ಗದ ಮೇಲೆ ಹಾಕುತ್ತಿದ್ದರು. ಬೆಳಗ್ಗೆ ಕಂಕುಳಿನ ಭಾಗದಲ್ಲಿ ಇನ್ನೂ ಹಸಿ. ಹಾಗೇ ತೊಟ್ಟುಕೊಂಡು ಹೋದ ದಿನ ಅಂಕ ಮೂರು. ಬಿಸಿಲು ಬಿದ್ದು ಅಂಗಣದಲ್ಲಿ ಒಣಗಿದ ದಿನ ಸೊನ್ನೆ, ಹೆಚ್ಚೆಂದರೆ ಒಂದು. ಕುಮಾರವ್ಯಾಸನಿಗೆ ಒದ್ದೆ ಬಟ್ಟೆ ಕಾವ್ಯ ಕೊಟ್ಟಿತು. ನಮ್ಮಂಥವರಿಗೆ ಅದು ಕಮಟು ವಾಸನೆಯನ್ನೇ ಕೊಡುತ್ತದೆ.

ಪಾಲಿಯೆಸ್ಟರ್ ಎಳೆ ನೀರು ಹೀರುವುದಿಲ್ಲ, ಆದರೆ ಬೆವರಿನ ಜಿಡ್ಡನ್ನು ಹಿಡಿದುಕೊಳ್ಳುತ್ತದೆ. ಆ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಉಳಿಯುತ್ತವೆ. ತೊಳೆದ ಅಂಗಿಯೇ ಇಸ್ತ್ರಿ ಪೆಟ್ಟಿಗೆ ತಾಗಿದ ಕೂಡಲೇ ಕಂಕುಳಿನ ಹತ್ತಿರ ವಾಸನೆ ಹೊಡೆದರೆ ಅದು ಪೂರಾ ತೊಳೆದಿಲ್ಲ ಎಂದು ತಿಳಿಯಿರಿ. ನಮ್ಮ ಮಡಿವಾಳರು ಬಟ್ಟೆಗೆ ಸೋಡಾ ಹಾಕಿ ಉಬ್ಬೆ ಇಡುತ್ತಿದ್ದುದು ಸುಮ್ಮನೆ ಅಲ್ಲ. ಬಿಸಿ ಮತ್ತು ಸೋಡಾ ಸೇರಿದರೆ ಜಿಡ್ಡೂ ಹೋಗುತ್ತದೆ, ಕ್ರಿಮಿಯೂ ಸಾಯುತ್ತದೆ.

ಹುಡುಗಿಯ ಮನೆಯವರು ಇನ್ನೊಂದು ಅಂಗಿ ಹೊಲಿಸಿದರು. ಅಂಗಿಯನ್ನು ಒಳಮಗ್ಗಲು ಹೊರಗೆ ಮಾಡಿ, ಬಿಸಿನೀರಿಗೆ ಸ್ವಲ್ಪ ಸೋಡಾ ಹಾಕಿ ಅರ್ಧ ತಾಸು ನೆನೆಸಿ ತೊಳೆದು, ಬಿಸಿಲಿದ್ದರೆ ಬಿಸಿಲಿಗೆ, ಇಲ್ಲವಾದರೆ ಇಸ್ತ್ರಿ ಮಾಡಿ ಒಣಗಿಸಿದರು. ಒಳಗೆ ಹತ್ತಿಯ ಬನಿಯನ್. ಮೂರನೇ ವಾರ ಪುಸ್ತಕದ ತುಂಬ ಸೊನ್ನೆಗಳು. ನನ್ನ ನೌಕರಿಯಲ್ಲಿ ಸೊನ್ನೆ ಕಂಡು ಖುಷಿಪಟ್ಟದ್ದು ಕಡಿಮೆ, ಇಲ್ಲಿ ಪಟ್ಟೆ. ಬೆಂಚಿಗೆ ಇಬ್ಬರು ಗೆಳತಿಯರು ತಿರುಗಿ ಬಂದರು. ಮೂರನೆಯವಳು ಬರಲಿಲ್ಲ. "ಬರದಿದ್ರ ಬಿಡವಲ್ಲಳ್ಯಾಕ" ಎಂದಳು ಹುಡುಗಿ. ಸಾಲಿ ಬಿಡುವ ಮಾತು ಆಮೇಲೆ ಬರಲಿಲ್ಲ.

ಅರ್ಧ ಬಕೆಟ್ಟಿನ ಜಳಕ

ಗದಗ-ಬೆಟಗೇರಿಯವರಿಗೆ "ದಿನಕ್ಕೆ ಎರಡು ಸಲ ಸ್ನಾನ ಮಾಡಿ" ಎಂದು ಬರೆಯುವುದು ಸುಲಭ. ತುಂಗಭದ್ರೆಯ ನೀರು ಮುಂಡರಗಿ ಸೀಮೆಯಿಂದ ನಮ್ಮ ನಳಕ್ಕೆ ಬರಬೇಕು. ಅದು ಬರುವ ದಿನ ಎಣಿಸುತ್ತ ಬ್ಯಾರಲ್ಲು, ಕೊಡ ತುಂಬಿಡುವ ಮನೆಗಳು ನಮ್ಮವು. ಆದ್ದರಿಂದ ನೀರು ಎಷ್ಟು ಎಂಬುದಕ್ಕಿಂತ ಎಲ್ಲಿಗೆ ಎಂಬುದು ಮುಖ್ಯ.

ಮೊದಲು ಎರಡು ತಂಬಿಗೆಯಲ್ಲಿ ಮೈ ತೋಯಿಸಿರಿ. ಸಾಬೂನನ್ನು ಕಂಕುಳು, ಕುತ್ತಿಗೆ, ಕಿವಿಯ ಹಿಂದೆ, ಹೊಕ್ಕಳು, ತೊಡೆಸಂದಿ, ಕಾಲ್ಬೆರಳ ಸಂದುಗಳಿಗೆ ಹಚ್ಚಿ ಕೈಯಿಂದ ತಿಕ್ಕಿರಿ. ಬೆನ್ನು, ಹೊಟ್ಟೆಗೆ ದಿನಾ ಸಾಬೂನು ಬೇಕೆಂದೇನಿಲ್ಲ. ಉಳಿದ ನೀರಿನಿಂದ ಸಾಬೂನು ಪೂರಾ ತೊಳೆಯಿರಿ. ಆಮೇಲೆ ಒಣ ಟವೆಲ್ಲಿನಿಂದ ಸಂದುಗೊಂದುಗಳನ್ನು ಒರೆಸಿಕೊಳ್ಳಿರಿ. ಹಸಿ ಉಳಿದ ಸಂದಿಯಲ್ಲಿ ತುರಿಕೆಯೂ ಬರುತ್ತದೆ, ವಾಸನೆಯೂ ಬರುತ್ತದೆ. ಒಂದೇ ಟವೆಲ್ಲನ್ನು ಮನೆಮಂದಿಯೆಲ್ಲ ಬಳಸಬಾರದು. ಸಂಜೆ ಆಟ ಮುಗಿಸಿ ಬಂದಾಗ ನೀರಿಲ್ಲದಿದ್ದರೆ, ಒದ್ದೆ ಬಟ್ಟೆಯಿಂದ ಕಂಕುಳು, ಕಾಲು ಒರೆಸಿ ಅಂಗಿ ಬದಲಿಸಿದರೂ ಅರ್ಧ ಕೆಲಸ ಆಯಿತು.

ಕಾಲಿನ ವಾಸನೆಗೆ ಬೂಟು, ಸಾಕ್ಸೇ ಕಾರಣ. ಸಾಕ್ಸು ದಿನಾ ಬದಲಿಸಿ, ಬೂಟನ್ನು ರವಿವಾರ ಬಿಸಿಲಿಗೆ ಬಾಯ್ದೆರೆದು ಇಡಿರಿ. ಚಹಾಪುಡಿಯನ್ನು ಗಟ್ಟಿಯಾಗಿ ಕುದಿಸಿ ಆರಿಸಿ, ಅದರಲ್ಲಿ ಇಪ್ಪತ್ತು ನಿಮಿಷ ಪಾದ ಇಡುವುದು ಹಳೆಯ ಉಪಾಯ. ಚಹಾದ ಒಗರು ಚರ್ಮವನ್ನು ಬಿಗಿ ಮಾಡಿ ಬೆವರು ತಗ್ಗಿಸುತ್ತದೆ.

ತಾಟಿನಲ್ಲಿ ಏನಿದೆ

ನಮ್ಮದು ಬಳ್ಳೊಳ್ಳಿ ಖಾರ, ಹಸಿ ಉಳ್ಳಾಗಡ್ಡಿ, ಮೆಂತ್ಯದ ಪಲ್ಯೆಯ ಸೀಮೆ. ಬಳ್ಳೊಳ್ಳಿಯ ಗಂಧಕದ ಅಂಶ ಹೊಟ್ಟೆಯಿಂದ ರಕ್ತಕ್ಕೆ ಸೇರಿ, ಶ್ವಾಸ ಮತ್ತು ಬೆವರಿನ ದಾರಿಯಲ್ಲಿ ಹೊರಬರುತ್ತದೆ. ಅದಕ್ಕೇ ಎಷ್ಟು ಹಲ್ಲುಜ್ಜಿದರೂ ಮರುದಿನದವರೆಗೆ ಘಾಟು ಉಳಿಯುತ್ತದೆ. ಹಾಗೆಂದು ಬಳ್ಳೊಳ್ಳಿ ಬಿಡಬೇಕಾಗಿಲ್ಲ. ಅದರ ಜೊತೆಗೇ ಮೊಸರು ಉಂಡರೆ ಘಾಟು ತಗ್ಗುತ್ತದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಯೋಗಶಾಲೆಯಲ್ಲಿ ಇದನ್ನು ಪರೀಕ್ಷಿಸಿ, ಮೊಸರು ಬಳ್ಳೊಳ್ಳಿಯ ವಾಸನೆಯ ಬಹುಪಾಲನ್ನು ಹಿಡಿದಿಡುತ್ತದೆ ಎಂದು ತೋರಿಸಿದರು. ರೊಟ್ಟಿ, ಬಳ್ಳೊಳ್ಳಿ ಖಾರ, ಮೇಲೆ ಗಟ್ಟಿ ಮೊಸರು ಎಂಬುದು ನಮ್ಮ ತಾಟಿಗೆ ಹೊಸದಲ್ಲ.

ಮೆಂತ್ಯ ಹೆಚ್ಚು ತಿಂದವರ ಬೆವರು, ಮೂತ್ರಕ್ಕೆ ಸುಟ್ಟ ಸಕ್ಕರೆಯಂಥ ಸಿಹಿ ವಾಸನೆ ಬರುತ್ತದೆ. ಸಕ್ಕರೆ ಕಾಯಿಲೆಗೆಂದು ದಿನಾ ಮೆಂತ್ಯ ನೆನೆಸಿ ತಿನ್ನುವ ಅಜ್ಜಂದಿರು ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಹಿರಿಯರು ರಾತ್ರಿ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಗ ಮೂತ್ರ ಗಟ್ಟಿಯಾಗಿ ಅದರ ವಾಸನೆ ಬಟ್ಟೆಗೆ, ಹಾಸಿಗೆಗೆ ಹತ್ತುತ್ತದೆ. ಡಾಕ್ಟರು ನೀರು ಕಡಿಮೆ ಮಾಡಲು ಹೇಳಿರದಿದ್ದರೆ, ಹಗಲಿನಲ್ಲಿ ಚೆನ್ನಾಗಿ ನೀರು, ಮಜ್ಜಿಗೆ ಕುಡಿದು ಸಂಜೆ ಮೇಲೆ ಕಡಿಮೆ ಮಾಡಿರಿ.

ಅಜ್ಜಿಯ ಡಬ್ಬಿಯಲ್ಲಿ ಯಾವುದು ನಿಜ, ಯಾವುದು ಬೇಡ

ಮೈ ಕಂಪಾಗಿರಬೇಕೆಂಬ ಆಸೆ ಕನ್ನಡಿಗರಿಗೆ ಇಂದಿನದಲ್ಲ. ಸುಮಾರು ಸಾವಿರ ವರ್ಷದ ಹಿಂದೆ, ಚಾಲುಕ್ಯರ ಕಾಲದಲ್ಲಿ, ಎರಡನೇ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆ, ನೀರು, ಗಿಡಮರಗಳ ಜೊತೆಗೆ ಸುಗಂಧದ ವಿಚಾರವೂ ಇದೆ. ಜನಸಾಮಾನ್ಯರಿಗೆ ಉಪಯೋಗವಾಗಲೆಂದು ಕನ್ನಡದಲ್ಲೇ ಬರೆದ ಗ್ರಂಥ ಅದು. ನಮ್ಮ ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗೆ ಹಬ್ಬಿದ ಕಪ್ಪತಗುಡ್ಡವಂತೂ ಔಷಧಿ ಸಸ್ಯಗಳಿಗೆ ಹೆಸರಾದದ್ದು. ಆದರೆ ಬೇರು, ಸೊಪ್ಪು ಕೊಟ್ಟವರೆಲ್ಲ ವೈದ್ಯರಲ್ಲ ಎಂಬ ಎಚ್ಚರವೂ ಇರಲಿ.

ನಂಬಬಹುದಾದವು ಹೀಗಿವೆ. ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ತಿಕ್ಕುವ ಪಟಿಕದ ಹರಳು. ಜಳಕವಾದ ಮೇಲೆ ಒದ್ದೆ ಮಾಡಿ ಕಂಕುಳಿಗೆ ತಿಕ್ಕಿದರೆ ಬ್ಯಾಕ್ಟೀರಿಯಾ ತಗ್ಗುತ್ತವೆ, ಗಾಯವಿದ್ದಾಗ ಬೇಡ. ಹೆಸರಿಟ್ಟು ಅಥವಾ ಕಡಲೆಹಿಟ್ಟು, ಸೀಗೆಕಾಯಿ, ಅಂಟುವಾಳ ಜಿಡ್ಡು ತೆಗೆಯುತ್ತವೆ. ಲಾವಂಚದ ಬೇರು, ಶ್ರೀಗಂಧ ಕಂಪು ಕೊಡುತ್ತವೆಯೇ ಹೊರತು ಕಾರಣವನ್ನು ಕಳೆಯುವುದಿಲ್ಲ. ಪೌಡರು, ಅತ್ತರೂ ಹಾಗೆಯೇ. ತೊಳೆಯದ ಮೈಮೇಲೆ ಹಾಕಿದ ಅತ್ತರು ಹಳೆಯ ಸಾಲದ ಮೇಲೆ ಹೊಸ ಸಾಲ ತೆಗೆದಂತೆ.

ಬೇಡವಾದವು ಇವು. ಕಂಕುಳಿಗೆ ಲಿಂಬೆಹಣ್ಣು ಉಜ್ಜುವುದು, ಅಡುಗೆ ಸೋಡಾ ಹಚ್ಚುವುದು. ಮಕ್ಕಳ ಮೆತ್ತನೆಯ ಚರ್ಮ ಉರಿದು ಕಪ್ಪಾಗುತ್ತದೆ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆಯೂ ಏಳಬಹುದು.

ಇಂದಿನ ಮತ್ಸ್ಯಗಂಧಿಯರು

ಎಲ್ಲ ಮಾಡಿಯೂ, ಖಾತೆ ಪುಸ್ತಕ ಬರೆದೂ, ಮೀನಿನಂಥ ವಾಸನೆ ಹೋಗದಿದ್ದರೆ? ಅದಕ್ಕೆ ನಿಜವಾಗಿಯೂ ಒಂದು ಕಾಯಿಲೆ ಇದೆ. ಟ್ರೈಮೀಥೈಲಮೈನೂರಿಯಾ ಎಂದು ಹೆಸರು. 1970ರಲ್ಲಿ ವೈದ್ಯರು ಇದನ್ನು 'ಮೀನು ವಾಸನೆಯ ಕಾಯಿಲೆ' ಎಂದು ಲೇಖನ ಬರೆದು ಲೋಕಕ್ಕೆ ತಿಳಿಸಿದರು. ಅಪರೂಪದ್ದು, ತಂದೆತಾಯಿಯಿಂದ ಬರುವಂಥದ್ದು, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ತತ್ತಿಯ ಹಳದಿ, ಲಿವರ್, ಸೋಯಾ, ಶೇಂಗಾ, ಬಟಾಣಿಯಂಥ ಪದಾರ್ಥಗಳಲ್ಲಿ ಕೋಲಿನ್ ಎಂಬ ಅಂಶ ಇದೆ. ಕರುಳಿನ ಬ್ಯಾಕ್ಟೀರಿಯಾಗಳು ಅದರಿಂದ ಟ್ರೈಮೀಥೈಲಮೈನ್ ಎಂಬ ವಸ್ತು ಮಾಡುತ್ತವೆ. ಸಮುದ್ರದ ಮೀನು ಹಳತಾದಾಗ ಬರುವ ವಾಸನೆಯೂ ಇದರದ್ದೇ. ನಮ್ಮೆಲ್ಲರ ಲಿವರ್ ಅದನ್ನು ವಾಸನೆಯಿಲ್ಲದ ವಸ್ತುವಾಗಿ ಬದಲಿಸಿಬಿಡುತ್ತದೆ. ಬದಲಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲ. ಅವರ ಬೆವರು, ಉಸಿರು, ಮೂತ್ರದಲ್ಲಿ ಆ ವಾಸನೆ ಹಾಗೆಯೇ ಹೊರಬರುತ್ತದೆ.

ಮೀನಿನ ಮೇಲೆ ಲಿಂಬೆಹಣ್ಣು ಹಿಂಡಿದರೆ, ಹುಣಸೆಹುಳಿ ಹಾಕಿದರೆ ವಾಸನೆ ಯಾಕೆ ತಗ್ಗುತ್ತದೆ ಗೊತ್ತೇ? ಟ್ರೈಮೀಥೈಲಮೈನ್ ಕ್ಷಾರ, ಹುಳಿ ಅದನ್ನು ಕಟ್ಟಿಹಾಕುತ್ತದೆ. ಇದೇ ಕಾರಣಕ್ಕೆ ಈ ಕಾಯಿಲೆಯವರಿಗೆ ವೈದ್ಯರು ಸ್ವಲ್ಪ ಆಮ್ಲೀಯವಾದ, ಅಂದರೆ ಪಿಎಚ್ 5.5ರಿಂದ 6.5ರೊಳಗಿನ ಸಾಬೂನು ಹೇಳುತ್ತಾರೆ. ಮೂತ್ರದ ಪರೀಕ್ಷೆಯಿಂದ ಕಾಯಿಲೆ ಗೊತ್ತಾಗುತ್ತದೆ. ಪೂರಾ ಗುಣವಾಗದಿದ್ದರೂ ಆಹಾರ ಬದಲಿಸಿ ಹತೋಟಿಯಲ್ಲಿಡಬಹುದು. ಆದರೆ ಕೋಲಿನ್ ಬೆಳೆಯುವ ಮಕ್ಕಳಿಗೂ ಗರ್ಭಿಣಿಯರಿಗೂ ಬೇಕೇ ಬೇಕು. ಡಾಕ್ಟರನ್ನು ಕೇಳದೆ ಮಗುವಿಗೆ ತತ್ತಿ, ಶೇಂಗಾ ಬಿಡಿಸಬೇಡಿರಿ.

ತಡಮಾಡದೆ ಡಾಕ್ಟರ ಹತ್ತಿರ

ಕೆಲವು ವಾಸನೆಗಳು ಒಳಗಿನ ಕಾಯಿಲೆಯ ಸುದ್ದಿ ತರುತ್ತವೆ. ಸಕ್ಕರೆ ಕಾಯಿಲೆ ಇದ್ದವರ ಉಸಿರು ಹಣ್ಣಿನಂತೆ ವಾಸನೆ ಬಂದು, ಜೊತೆಗೆ ಬಾಯಾರಿಕೆ, ವಾಂತಿ, ಸುಸ್ತು ಇದ್ದರೆ ಅದು ತುರ್ತು. ಅದೇ ತಾಸಿನಲ್ಲಿ ಆಸ್ಪತ್ರೆಗೆ ಹೋಗಬೇಕು. ಉಸಿರಿಗೆ ಮೂತ್ರದಂಥ ವಾಸನೆ ಬಂದರೆ ಕಿಡ್ನಿ ತೋರಿಸಬೇಕು. ರಾತ್ರಿ ಬಟ್ಟೆ ತೋಯುವಷ್ಟು ಬೆವರಿ, ತೂಕ ಇಳಿದು, ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಹಸುಗೂಸಿನ ಮೈ ಅಥವಾ ಮೂತ್ರಕ್ಕೆ ವಿಚಿತ್ರ ವಾಸನೆ ಬಂದು ಅದು ಹಾಲು ಕುಡಿಯದಿದ್ದರೆ ಒಂದು ದಿನವೂ ಕಾಯಬಾರದು. ಎಂಟು ವರ್ಷದೊಳಗಿನ ಹುಡುಗಿಗೆ, ಒಂಬತ್ತರೊಳಗಿನ ಹುಡುಗನಿಗೆ ದೊಡ್ಡವರಂಥ ಬೆವರಿನ ವಾಸನೆ ಶುರುವಾದರೂ ತೋರಿಸಿರಿ.

ಅಜ್ಜಿಯರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಎರಡು ಮೂರು ವರ್ಷದ ಕೂಸಿಗೆ ಎಷ್ಟು ಜಳಕ ಮಾಡಿಸಿದರೂ ಕೆಟ್ಟ ವಾಸನೆ ಹೋಗದಿದ್ದರೆ, ಒಂದೇ ಹೊಳ್ಳೆಯಿಂದ ಸುರಿಯುತ್ತಿದ್ದರೆ, ಮೂಗಿನೊಳಗೆ ಶೇಂಗಾಬೀಜ, ಮಣಿ, ಸ್ಪಂಜಿನ ಚೂರು ಸಿಕ್ಕಿರಬಹುದು. ನೀವೇ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿರಿ, ಒಳಕ್ಕೆ ಸರಿಯುತ್ತದೆ. ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ಅದು ನಿಮಿಷದ ಕೆಲಸ.

ಅಜ್ಜನ ವಾಸನೆ

ವಯಸ್ಸಾದಂತೆ ಚರ್ಮದ ಎಣ್ಣೆ ಬದಲಾಗಿ, ನೋನೆನಾಲ್ ಎಂಬ ವಸ್ತುವಿನಿಂದ ಹಳೆಯ ಪುಸ್ತಕದಂಥ ಒಂದು ವಾಸನೆ ಬರುತ್ತದೆ. ಜಪಾನಿನ ಸಂಶೋಧಕರು 2001ರಲ್ಲಿ ಇದನ್ನು ಪ್ರಕಟಿಸಿದರು. ಇದು ಕೊಳೆಯಲ್ಲ, ವಯಸ್ಸು. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದವರು ಮೂರು ವಯೋಮಾನದವರನ್ನು ಐದು ರಾತ್ರಿ ಒಂದೇ ಅಂಗಿಯಲ್ಲಿ ಮಲಗಿಸಿ, ಕಂಕುಳಲ್ಲಿ ಇಟ್ಟಿದ್ದ ಪ್ಯಾಡುಗಳನ್ನು ಬೇರೆಯವರ ಮೂಗಿಗೆ ಹಿಡಿದರು. 75 ದಾಟಿದವರ ವಾಸನೆಯೇ ಎಲ್ಲಕ್ಕಿಂತ ಸೌಮ್ಯ, ಸಹ್ಯ ಎಂದು ಮೂಸಿದವರು ಹೇಳಿದರು! ನನ್ನ ವಯಸ್ಸಿನವರು ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ಆದರೂ ಹಲ್ಲಿನ ಸೆಟ್ಟು ತೊಳೆಯುವುದು, ಹೊದಿಕೆ ಬಿಸಿಲಿಗೆ ಹಾಕುವುದು, ದಿನಾ ಒಗೆದ ಬನಿಯನ್ ತೊಡುವುದು ನಮ್ಮ ಪಾಲಿನ ಕೆಲಸ.

ಹೇಳುವುದು ಹೇಗೆ

ಗೆಳೆಯನ ಮೈ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಎದ್ದು ಹೋಗಬೇಡಿ ಮಕ್ಕಳೇ. ಯಾರೂ ಇಲ್ಲದಾಗ ಪಕ್ಕಕ್ಕೆ ಕರೆದು ಹೇಳಿರಿ: "ನಿನ್ನ ಅಂಗಿ ಸರಿಯಾಗಿ ಒಣಗಿಲ್ಲ ಅನಸ್ತದ, ನೋಡ್ಕೋ." ಅಂಗಿಯ ಮೇಲೆ ಹೇಳಿದ ಮಾತು ಮನಸ್ಸಿಗೆ ಚುಚ್ಚುವುದಿಲ್ಲ. ಹೇಳಲು ಆಗದಿದ್ದರೆ ನಿಮ್ಮ ಬಾಯಿಯವರಿಗೆ, ಸರ್‌ಗೆ ಗುಟ್ಟಾಗಿ ತಿಳಿಸಿರಿ. ಹಿರಿಯರು ಮನೆಮಂದಿಯ ಮುಂದೆ ಮಕ್ಕಳನ್ನು ಛೇಡಿಸುವುದನ್ನು ಬಿಟ್ಟು, ನೂರು ಪುಟದ ಒಂದು ನೋಟ್‌ಬುಕ್ ತಂದು ಐದು ಕಾಲಂ ಗೆರೆ ಹಾಕಿ ಕೊಡಿರಿ. ಮೂರು ವಾರ ಬರೆಯಲಿ. ಸಂಜೆಯ ಅಂಕ ಹಾಕುವ ಕೆಲಸ ನಿಮ್ಮದು. ಮನೆಯ ಉಪಾಯಕ್ಕೆ ತಗ್ಗದಿದ್ದರೆ ಅದೇ ಪುಸ್ತಕವನ್ನು ಡಾಕ್ಟರ ಮುಂದೆ ಇಡಿರಿ. ಅರ್ಧ ತಾಸು ಬಾಯಿಂದ ಹೇಳುವುದನ್ನು ಅದು ಎರಡು ನಿಮಿಷದಲ್ಲಿ ಹೇಳುತ್ತದೆ.